ಮೂರು ಸಲ ಕೂಗದೆ ಆದ ನಿರ್ಧಾರ

ಜುಲೈ ಒಂಬತ್ತು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇದು ಶುರುವಾದದ್ದು ಆಗ. ಏನೋ ಶುರುವಾಯಿತೆಂದು ಆ ಹೊತ್ತಿಗೆ ಅಲ್ಲಿದ್ದ ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ನಾನು ವೇಳೆ ಬರೆದಿಟ್ಟುಕೊಂಡದ್ದು ಮಳೆಗಾಗಿ. ದೊಡ್ಡ ಮಳೆ ಎಷ್ಟು ಹೊತ್ತಿಗೆ ಹಿಡಿಯಿತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ದಿನಚರಿಯಲ್ಲಿ ಬರೆಯುವುದು ಶಾಲೆಯ ದಿನಗಳಿಂದ ನನ್ನ ರೂಢಿ.

ನಾನು ಕೆಲಸ ಮಾಡುವುದು ಲಕ್ವಾ ಹೊಡೆದವರಿಗೆ ಕೈಕಾಲು ಆಡಿಸುವುದನ್ನೂ ಮಾತಾಡುವುದನ್ನೂ ಮರಳಿ ಕಲಿಸುವ ಒಂದು ಸಂಸ್ಥೆಯಲ್ಲಿ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಹೀಗೆ ನಾಲ್ಕು ಕಡೆ ಒಂದೊಂದು ಕೇಂದ್ರ. ಮುಖ್ಯ ಕಚೇರಿ ಬೆಟಗೇರಿಯಲ್ಲಿ, ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ಕೆಳಗಿನ ಓಣಿಯಲ್ಲಿ ಯಾರದೋ ಮಗ್ಗ ದಿನವಿಡೀ ಸದ್ದು ಮಾಡುತ್ತಿರುತ್ತದೆ. ಪತ್ರ ಬರೆಯುವುದು, ಕೇಂದ್ರಗಳ ವೇಳಾಪಟ್ಟಿ ಮಾಡುವುದು, ಸಭೆಯ ನಡಾವಳಿ ಬರೆಯುವುದು ನನ್ನ ಕೆಲಸ. ಕೈಕಾಲಿಗೆ ಪ್ರತಿ ಕೇಂದ್ರದಲ್ಲೂ ಒಬ್ಬೊಬ್ಬರಿದ್ದರು. ಮಾತಿಗೆ ಮಾತ್ರ ನಾಲ್ಕೂ ಊರಿಗೆ ಸೇರಿ ಒಬ್ಬರೇ. ಜನ ಅವರನ್ನು ‘ಮಾತಿನ ಮೇಡಮ್ಮಾರು’ ಎನ್ನುತ್ತಿದ್ದರು. ಸೋಮವಾರ ಗದಗ, ಮಂಗಳವಾರ ಲಕ್ಷ್ಮೇಶ್ವರ, ಬುಧವಾರ ಶಿರಹಟ್ಟಿ, ಶುಕ್ರವಾರ ಮುಂಡರಗಿ. ಎಲ್ಲ ಕಡೆಗೂ ತಮ್ಮ ಸ್ಕೂಟರಿನಲ್ಲೇ ಹೋಗಿ ಬರುತ್ತಿದ್ದರು.

ಆ ಬುಧವಾರ ಶಿರಹಟ್ಟಿಗೆ ಹೊರಟವರು ಮಳೆಗೆ ಅರ್ಧ ದಾರಿಯಿಂದ ತಿರುಗಿ ಕಚೇರಿಗೆ ಬಂದರು. ಸೀರೆಯ ಸೆರಗು ಹಿಂಡಿಕೊಳ್ಳುತ್ತ, ಸೀನುತ್ತ ಒಳಗೆ ಹೋದರು. ಬಾಗಿಲ ಬಳಿ ನಮ್ಮ ಅಧ್ಯಕ್ಷರು ಮಳೆ ಸಣ್ಣಗಾಗಲೆಂದು ಕಾಯುತ್ತ ನಿಂತಿದ್ದರು. ಅವರು ಹತ್ತಿ ವ್ಯಾಪಾರದ ಮನೆತನದ ಹಿರಿಯರು. ಪಕ್ಕದಲ್ಲಿ ಛತ್ರಿ ಹಿಡಿದು ವ್ಯವಸ್ಥಾಪಕರು. ಮೂರನೆಯವಳು ನಾನು, ಬಾಗಿಲ ಪಕ್ಕದ ಮೇಜಿನಲ್ಲಿ.

“ಅಲ್ರೀ, ಈ ಮೇಡಮ್ಮಾರು ವಾರಾ ಪೂರ್ತಿ ನಾಕೂ ಊರು ಯಾಕ ಹಿಂಗ ಅಡ್ಡಾಡಬೇಕು?” ಎಂದರು ಅಧ್ಯಕ್ಷರು.

“ಹೌದ್ರಿ ಸಾಹೇಬ್ರ, ಖರೆ ಐತ್ರಿ,” ಎಂದರು ವ್ಯವಸ್ಥಾಪಕರು.

ಅಧ್ಯಕ್ಷರು ಇನ್ನೂ ಏನೋ ಹೇಳುವವರಿದ್ದರು. ಅಷ್ಟರಲ್ಲಿ ಅವರ ಫೋನು ಬಂತು. ಮಾತಾಡುತ್ತಲೇ ಮೆಟ್ಟಿಲಿಳಿದು ಕಾರು ಹತ್ತಿ ಹೋದರು. ವ್ಯವಸ್ಥಾಪಕರು ಛತ್ರಿ ಮಡಚುತ್ತ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಅಷ್ಟೇ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ನಮ್ಮ ಕಡೆಯ ರೂಢಿ. ಹಿರಿಯರು ಆಡಿದ ಮಾತಿಗೆ ಹಾಗಂದರೇನು ಎಂದು ತಿರುಗಿ ಕೇಳಬಾರದು ಎಂಬುದು ಇನ್ನೊಂದು. ಅವ್ವ ನನಗೆ ಎರಡನ್ನೂ ಚಿಕ್ಕಂದಿನಲ್ಲೇ ಕಲಿಸಿದ್ದಾಳೆ. ಹಿರಿಯರ ಮಾತು ತಿಳಿದುಕೊಳ್ಳಬೇಕು. ತಿಳಿಯದಿದ್ದರೂ ತಿಳಿದವರಂತೆ ತಲೆಯಾಡಿಸಿ, ಆಮೇಲೆ ಯೋಚಿಸಬೇಕು. ವ್ಯವಸ್ಥಾಪಕರು ಮಾಡಿದ್ದು ಅದನ್ನೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇಷ್ಟು ಸಣ್ಣ ಮಾತಿನ ಹಿಂದೆ ನಾನೇಕೆ ಬಿದ್ದಿದ್ದೇನೆ ಎಂದರೆ, ಮಾತಿನ ಮೇಡಮ್ಮಾರು ಮಂಗಳವಾರ ಲಕ್ಷ್ಮೇಶ್ವರದಲ್ಲಿ ಕಲಿಸುತ್ತಿದ್ದವರಲ್ಲಿ ನನ್ನ ಅಪ್ಪನೂ ಒಬ್ಬ.

ಅಪ್ಪ ಲಕ್ಷ್ಮೇಶ್ವರದ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಲಿಲಾವು ಕೂಗುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಶಿಗ್ಲಿ ಕಡೆಯಿಂದ, ಸುತ್ತಲಿನ ಊರುಗಳಿಂದ ಬದನೆ, ಸವತೆ, ಹಸಿಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತಿದ್ದವು. ಅಪ್ಪ ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಎತ್ತಿ ಎಲ್ಲರಿಗೂ ತೋರಿಸಿ, ರಾಗವಾಗಿ ಕೂಗಲು ಶುರುಮಾಡುತ್ತಿದ್ದ. ಕೊಳ್ಳುವವರು ಏರಿಸುತ್ತ ಹೋಗಿ ಒಂದು ಕಡೆ ನಿಂತಾಗ “ಒಂದ ಸಲ” ಎನ್ನುತ್ತಿದ್ದ. “ಎರಡ ಸಲ” ಎಂದು ತಡೆದು, ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಆಮೇಲೆ “ಮೂರ ಸಲ!” ಎಂದು ಚೀಲದ ಮೇಲೆ ಅಂಗೈ ಬಡಿದರೆ ಮುಗಿಯಿತು. ಯಾರು ಮಾರಿದರು, ಯಾರು ಕೊಂಡರು, ಯಾವ ಗಳಿಗೆಯಲ್ಲಿ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಸಂಜೆಯೊಳಗೆ ಬೆಲೆ ಬಿದ್ದರೂ ಏರಿದರೂ ಆ ಮಾತು ತಿರುಗುತ್ತಿರಲಿಲ್ಲ.

ಎರಡನೆಯ ಕೂಗಿನ ಮೇಲೆ ಯಾಕಷ್ಟು ಹೊತ್ತು ತಡೆಯುತ್ತೀ ಎಂದು ಹಿಂದೊಮ್ಮೆ ಕೇಳಿದ್ದೆ.

“ಬ್ಯಾಡ ಅನ್ನಾವ್ರಿಗೆ ಬಾಯಿ ತಗ್ಯಾಕ ಅಷ್ಟ ಹೊತ್ತ ಬೇಕಲ್ಲ ಅವ್ವಿ. ಅಲ್ಲಿ ತಡೀಲಾರದಾಂವ ಲಿಲಾವು ಕೂಗೂದಿಲ್ಲ, ಕಳುವು ಮಾಡ್ತಾನ,” ಎಂದಿದ್ದ.

ಜನವರಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಕಾಲು ಎಳೆಯತೊಡಗಿತು, ಮಾತು ಪೂರ್ತಿ ಹೋಯಿತು. ನಾವು ಅಂದದ್ದೆಲ್ಲ ತಿಳಿಯುತ್ತಿತ್ತು. ಬಾಯಿ ತೆರೆದರೆ ಮಾತ್ರ ಒಂದೇ ಒಂದು ಉಬ್ಬಸದ ಸದ್ದು. ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಮನುಷ್ಯ ನೀರು ಬೇಕೆಂದರೆ ಎಡಗೈಯಿಂದ ತಂಬಿಗೆ ಬಡಿಯುತ್ತಿದ್ದ. ಅವ್ವ ಅಡಿಗೆಮನೆಗೆ ಹೋಗಿ ಅತ್ತು ಬರುತ್ತಿದ್ದಳು.

ಮಾರ್ಚಿನಿಂದ ಮೇಡಮ್ಮಾರು ಮಂಗಳವಾರಕ್ಕೊಮ್ಮೆ ಅಪ್ಪನನ್ನು ಕೂರಿಸಿಕೊಂಡು ಕಲಿಸತೊಡಗಿದರು. ಮೊದಲ ಮೂರು ವಾರ ಚಿತ್ರ ತೋರಿಸಿದರು. ಅಪ್ಪ ಗೋಡೆ ನೋಡಿದ. ನಾಲ್ಕನೆಯ ಮಂಗಳವಾರ ನಾನು ರಜೆ ಹಾಕಿ ಜೊತೆಗಿದ್ದೆ. ಮೇಡಮ್ಮಾರು ಅಪ್ಪನ ಉದ್ಯೋಗವೇನೆಂದು ಕೇಳಿದರು. ಹೇಳಿದೆ. “ಮತ್ತ ಇಲ್ಲಿ ಯಾಕ ಕುಂತೇವ್ರಿ? ಏಳ್ರಿ,” ಎಂದು ನಮ್ಮನ್ನು ಎಬ್ಬಿಸಿ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಲಿಲಾವಿನ ಹೊತ್ತು ಮುಗಿದಿತ್ತು. ಚಿಲ್ಲರೆ ಮಾರುವ ಹೆಂಗಸರು ಕುಳಿತಿದ್ದರು. ಮೇಡಮ್ಮಾರು ಒಂದು ಬದನೆಕಾಯಿ ಅಪ್ಪನ ಎಡಗೈಗೆ ಕೊಟ್ಟು, ದಾರಿಯಲ್ಲಿ ನನ್ನಿಂದ ಕೇಳಿ ಕಲಿತ ಲಿಲಾವಿನ ರಾಗದಲ್ಲಿ ಮೆಲ್ಲಗೆ ಗುನುಗಿದರು.

“ಒಂದ ಸಲ,” ಎಂದ ಅಪ್ಪ.

ಪೂರ್ತಿ, ಸ್ಪಷ್ಟವಾಗಿ, ಹಳೆಯ ದನಿಯಲ್ಲೇ. ಬದನೆಕಾಯಿ ಮಾರುವಾಕೆ ತಕ್ಕಡಿ ಬಿಟ್ಟು ಎದ್ದು ನಿಂತಳು.

“ಕಾಕಾ! ನಿನ್ನ ಬಾಯಿ ಬಂತಲ್ಲೋ! ಇನ್ನ ನಮ್ಮನ್ನ ಬದುಕಾಕ ಬಿಡೂದಿಲ್ಲ ನೀ. ನೀ ಇಲ್ಲದಾಗ ಸೋವಿ ದರದಾಗ ತೊಗೊಂಡು ಆರಾಮ ಇದ್ದೆವು!”

“ಎರಡ ಸಲ,” ಎಂದ ಅಪ್ಪ, ಅವಳ ಮುಖವನ್ನೇ ನೋಡುತ್ತ. ಸುತ್ತ ಇದ್ದವರೆಲ್ಲ ನಕ್ಕರು. ಅಪ್ಪನ ಕಣ್ಣಲ್ಲಿ ನೀರು. ಮೂರನೆಯದಕ್ಕೆ ಬಾಯಿ ತೆರೆದ. ಬರಲಿಲ್ಲ. ತುಟಿ ಅದುರಿತು, ಮತ್ತೆ ಅದೇ ಉಬ್ಬಸ. ಮೇಡಮ್ಮಾರು ಒತ್ತಾಯ ಮಾಡಲಿಲ್ಲ. “ಅದು ತಾನ ಬರತೈತ್ರಿ. ಅವ್ರಿಗೆ ಎಲ್ಲಿ ತಡೀಬೇಕು ಅನ್ನೂದು ಗೊತ್ತೈತಿ,” ಎಂದರು.

ಮಾತಿಗಿಂತ ರಾಗ ಮೊದಲು ಮರಳುತ್ತದೆಂದೂ ರಾಗದ ಬೆನ್ನು ಹಿಡಿದು ಮಾತು ಬರುತ್ತದೆಂದೂ ಅವರು ವಿವರಿಸಿದರು. ಹಾಗೆಯೇ ಆಯಿತು. ನೀರು, ಚಹಾ, ಸಾಕು. ಮೇ ಇಪ್ಪತ್ತರಂದು ‘ಅವ್ವಿ’. ಅಪ್ಪ ನನ್ನನ್ನು ಕರೆಯುವುದು ಹಾಗೆ. ನಾನು ಲೆಕ್ಕ ಇಡತೊಡಗಿದೆ. ಯಾರೂ ಹೇಳಿಕೊಡದೆ ಮೂರು ಬೇರೆ ಬೇರೆ ದಿನ ಆಡಿದರೆ ಮಾತ್ರ ಆ ಮಾತು ಬಂತೆಂದು ಬರೆಯುತ್ತಿದ್ದೆ. ಜುಲೈ ಎಂಟರ ಮಂಗಳವಾರ ಸಂಜೆಗೆ ಮೂವತ್ತೊಂದು ಮಾತು. ಮಳೆ ಬಂದದ್ದು ಮರುದಿನ.

ಜುಲೈ ಇಪ್ಪತ್ತೊಂದು, ಸೋಮವಾರ. ನಿರ್ದೇಶಕರ ಮುಂದಿನ ಸಭೆಯ ವಿಷಯಗಳನ್ನು ವ್ಯವಸ್ಥಾಪಕರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ನಾಲ್ಕನೆಯ ವಿಷಯ: ಮಾತಿನ ಚಿಕಿತ್ಸೆಯನ್ನು ಗದಗ ಕೇಂದ್ರದಲ್ಲಿ ಒಗ್ಗೂಡಿಸುವ ಬಗ್ಗೆ. ನನ್ನ ಕೈ ನಿಂತಿತು.

“ಸರ, ಇದು ಯಾಕ್ರಿ?”

“ಸಾಹೇಬ್ರ ಇಚ್ಛಾ ಐತಿ ತಂಗಿ. ನಿನ್ನ ಮುಂದನ ಅಂದ್ರಲ್ಲ, ಅವತ್ತ ಮಳ್ಯಾಗ.”

“ಅವ್ರು ಬರೇ ಯಾಕ ಅಂತ ಕೇಳಿದ್ರಿ.”

“ದೊಡ್ಡವ್ರು ಯಾಕ ಅಂತ ಕೇಳಿದ್ರ ಬ್ಯಾಡ ಅಂತ ಅರ್ಥ. ಇಷ್ಟ ದಿನಾ ಇಲ್ಲಿ ಕುಂತು ಏನ ಕಲ್ತಿ ನೀ?”

“ಒಂದ ಸಲ ಫೋನ್ ಮಾಡಿ ಕೇಳಬಹುದಲ್ರಿ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಏನಂತ ಕೇಳ್ಲಿ? ನೀವು ಅಂದಿದ್ದು ನನಗ ತಿಳೀಲಿಲ್ಲ ಅಂತ ಕೇಳ್ಲ್ಯಾ? ಹದಿನೆಂಟು ವರ್ಷ ಆತು ನಾನು ಅವ್ರ ಕೈಯಾಗ ದುಡ್ಯಾಕ ಹತ್ತಿ.”

ವ್ಯವಸ್ಥಾಪಕರು ಕೆಟ್ಟವರಲ್ಲ. ದೂರದ ಊರಿನವರಿಗೆ ತೊಂದರೆಯಾಗಬಾರದೆಂದು, ಮನೆಯವರಿಗೆ ಬಿಡುವು ಸಿಗುವ ಶನಿವಾರವನ್ನೇ ಆ ಮೂರೂ ಊರುಗಳಿಗೆ ಇಡಬೇಕೆಂದು ಅವರೇ ಯೋಚಿಸಿದ್ದರು. ಇಲ್ಲದ ಅಪ್ಪಣೆಯನ್ನು ಎಷ್ಟು ಚೆನ್ನಾಗಿ ಪಾಲಿಸಬಹುದೋ ಅಷ್ಟು ಚೆನ್ನಾಗಿ ಪಾಲಿಸಿದರು.

ನಾನು ಬಿ.ಕಾಂ. ಓದುವಾಗ ನಿರ್ವಹಣೆಯ ಪಠ್ಯದಲ್ಲಿ ಒಂದು ಚಿತ್ರವಿತ್ತು. ಮೇಲಿನಿಂದ ಕೆಳಗೆ ಚೌಕಗಳು, ನಡುವೆ ಬಾಣಗಳು. ಸಮಸ್ಯೆಯನ್ನು ಗುರುತಿಸು, ಮಾಹಿತಿ ಕೂಡಿಸು, ಬೇರೆ ದಾರಿಗಳನ್ನು ಹುಡುಕು, ತೂಗಿ ನೋಡು, ಆರಿಸು, ಜಾರಿಗೆ ತಾ. ಪರೀಕ್ಷೆಯಲ್ಲಿ ಆ ಚಿತ್ರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಈಗ ಅದನ್ನು ಮತ್ತೆ ಬರೆದು, ನಮ್ಮಲ್ಲಿ ಆದದ್ದನ್ನು ಒಂದೊಂದು ಚೌಕದಲ್ಲಿ ತುಂಬಲು ಕುಳಿತೆ. ‘ಜಾರಿಗೆ ತಾ’ ಎಂಬ ಕೊನೆಯ ಚೌಕ ಮಾತ್ರ ತುಂಬಿತು.

ಆಗಸ್ಟ್ ಎರಡು, ಶನಿವಾರ, ಸಭೆ. ಬಾಗಿಲ ಕಡೆಯ ಕುರ್ಚಿಯಲ್ಲಿ ನಾನು. ಮೊದಲ ಮೂರು ವಿಷಯಗಳು ಮುಗಿಯುವಷ್ಟರಲ್ಲಿ ಕೆಳಗಿನ ಅಂಗಡಿಯಿಂದ ಮಿರ್ಚಿ, ಗಿರಮಿಟ್ ತರಲು ಹೇಳಿಯಾಗಿತ್ತು. ವ್ಯವಸ್ಥಾಪಕರು ನಾಲ್ಕನೆಯದನ್ನು ಓದಿದರು. ಓಣಿಯ ಮಗ್ಗದ ಸದ್ದು ಕೇಳಿಸಿತು.

ನಿರ್ದೇಶಕರಲ್ಲಿ ಹಿರಿಯರಾದ, ನಿವೃತ್ತ ಹೆಡ್‌ಮಾಸ್ತರರು ಗಂಟಲು ಸರಿಮಾಡಿಕೊಂಡರು. “ಅಧ್ಯಕ್ಷರ ವಿಚಾರ ಹೆಂಗೈತ್ರಿ?”

“ನಂದೇನೈತ್ರಿ, ನೀವೆಲ್ಲಾ ಕೂಡಿ ಹೆಂಗಂತೀರಿ ಹಂಗ.”

“ನಾವೇನ ಅನ್ನೂದ್ರಿ, ಹಿರ್ಯಾರು ನೀವು ಅಂದಂಗ.”

“ಮತ್ತ ಎಲ್ಲಾರೂ ಹೂಂ ಅಂದ್ರ ನಂದೇನ ಅಡ್ಡಿಲ್ಲ.”

ಉಳಿದವರು ತಲೆಯಾಡಿಸಿದರು. ನಾನು ಎದ್ದು ನಿಂತೆ. ನಡಾವಳಿ ಬರೆಯುವವಳು ಎದ್ದು ನಿಲ್ಲುವ ಪದ್ಧತಿ ಇಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

“ಸರ, ಲಕ್ಷ್ಮೇಶ್ವರದವ್ರಿಗೆ, ಮುಂಡರಗಿಯವ್ರಿಗೆ ಭಾಳ ತ್ರಾಸ ಆಕ್ಕೇತ್ರಿ. ಮಾತ ಬರಲಾರದವ್ರು ಬಸ್ ಹತ್ತಿ ಬರೂದು ಅಂದ್ರ...”

ಅಧ್ಯಕ್ಷರ ಮುಖ ಮೆತ್ತಗಾಯಿತು. “ನಿಮ್ಮಪ್ಪಾರು ಹೆಂಗದಾರವಾ ಈಗ? ನಡೀತಾರ?”

“ನಡೀತಾರ್ರಿ. ಅದಲ್ರಿ ನಾ ಹೇಳೂದು...”

“ಉಣ್ಣೂದು, ತಿನ್ನೂದು?” ಎಂದರು ಮಾಸ್ತರರು.

“ಸಕ್ರಿ ಕಡಿಮಿ ಮಾಡ್ರಿ,” ಎಂದರು ಇನ್ನೊಬ್ಬರು.

“ನಮ್ಮ ಅಣ್ಣಾರಿಗೂ ಹಿಂಗ ಆಗಿತ್ತು. ಆರಾಮ ಆಗ್ತಾರ ತಗೊ ತಂಗಿ, ಕಾಳಜಿ ಮಾಡಬ್ಯಾಡ.”

ನಾನು ಎತ್ತಿದ ಆಕ್ಷೇಪಣೆ ಹೀಗೆ ಅಪ್ಪನ ಯೋಗಕ್ಷೇಮದ ಮಾತಾಗಿ ಹೋಯಿತು. ಎಲ್ಲರೂ ಪ್ರೀತಿಯಿಂದಲೇ ಕೇಳಿದರು. ಅಷ್ಟು ಪ್ರೀತಿಯ ಎದುರು ಮತ್ತೆ ಅದೇ ಮಾತು ಎತ್ತಿದರೆ ಹಟದಂತೆ ಕಾಣುತ್ತಿತ್ತು. ಆದರೂ ಬಾಯಿ ತೆರೆದೆ. ಆಗ ಮಿರ್ಚಿಯ ತಟ್ಟೆಗಳು ಒಳಗೆ ಬಂದವು. ತಟ್ಟೆ ಖಾಲಿಯಾಗುವಷ್ಟರಲ್ಲಿ ಸಭೆ ಐದನೆಯ ವಿಷಯಕ್ಕೆ ಹೋಗಿತ್ತು.

ಎರಡನೆಯ ಕೂಗಿನ ಮೇಲೆ ತಡೆದು ಮುಖಗಳನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ ಹೊಳೆಯಿತು: ಅಲ್ಲಿ ಮೊದಲನೆಯ ಕೂಗೇ ಆಗಿರಲಿಲ್ಲ. ಯಾರೂ ಏನನ್ನೂ ಕೇಳಿರಲಿಲ್ಲ, ಯಾರೂ ಏನನ್ನೂ ಕೊಟ್ಟಿರಲಿಲ್ಲ. ಆದರೂ ಚೀಲ ಮಾರಿಹೋಗಿತ್ತು.

ಮೆಟ್ಟಿಲಿಳಿಯುವಾಗ ಮಾಸ್ತರರು ಪಕ್ಕದ ಕಂಬಿ ಹಿಡಿದು ನಿಂತು, ಹಿಂದೆ ಬರುತ್ತಿದ್ದ ನನಗೆ ಮೆಲ್ಲಗೆ ಹೇಳಿದರು: “ಖರೆ ಹೇಳಬೇಕಂದ್ರ ತಂಗಿ, ಇದು ನನ್ನ ಮನಸ್ಸಿಗೆ ಬರಲಿಲ್ಲ. ನಾಕೂ ಕಡೆ ಇದ್ರ ಚಲೋ ಇತ್ತು. ಆದ್ರ ಅಧ್ಯಕ್ಷರ ಮನಸ್ಸಿನ್ಯಾಗ ಒಂದ ಇದ್ದಾಗ ಅಡ್ಡ ಹಾಯೂದು ನಮಗ ಶೋಭಿಸೂದಿಲ್ಲ.”

ಸೆಪ್ಟೆಂಬರ್ ಆರು, ಮೊದಲ ಶನಿವಾರ. ಅಪ್ಪ, ಅವ್ವ, ನಾನು ಲಕ್ಷ್ಮೇಶ್ವರದಲ್ಲಿ ಗದಗಿನ ಬಸ್ಸು ಹತ್ತಿದೆವು. ಬಸ್ಸು ಕಿಕ್ಕಿರಿದಿತ್ತು. ಅಪ್ಪನಿಗೆ ಒಂದು ಸೀಟು ಸಿಕ್ಕಿತು. ಅವ್ವ ಪಕ್ಕದಲ್ಲಿ ನಿಂತಳು. ನಾನು ಹಿಂದೆ ಸಿಕ್ಕಿಕೊಂಡೆ. ಟಿಕೀಟು ತಾನೇ ಕೇಳಬೇಕೆಂದು ಅಪ್ಪ ಮನೆಯಲ್ಲಿ ಬೆಳಿಗ್ಗೆಯಿಂದ ‘ಗದಗ’ ಎಂಬ ಒಂದು ಮಾತನ್ನು ರಾಗದಲ್ಲಿ ಆಡಿ ಆಡಿ ಸಿದ್ಧ ಮಾಡಿಕೊಂಡಿದ್ದ.

“ಎಲ್ಲಿಗ್ರಿ ಯಜಮಾನ್ರ?” ಎಂದ ಕಂಡಕ್ಟರು.

ಅಪ್ಪ ಬಾಯಿ ತೆರೆದ. ತಲೆ ಸ್ವಲ್ಪ ತೂಗಿದ, ರಾಗ ಹಿಡಿಯಲು.

“ಜಲ್ದಿ ಹೇಳ್ರಿ, ಮಂದಿ ಭಾಳ ಐತಿ.”

“ಗಾ... ಗ್ಗಾ...”

ಪಕ್ಕದಲ್ಲಿ ನಿಂತಿದ್ದವನೊಬ್ಬ ನಕ್ಕ. “ಮುಂಜಾಲೆದ್ದು ಏರಿಸ್ಯಾನ ನೋಡ್ರಿ. ಹೊತ್ತ ಹೊಂಡೂದು ತಡಾ ಇಲ್ಲ!”

“ನಿನ್ನ ಬಾಯಾಗ ಮಣ್ಣ ಬೀಳ್ಲಿ!” ಎಂದು ಅವ್ವ ತಿರುಗಿದಳು. “ಲಕ್ವಾ ಹೊಡದೈತೋ ಅವ್ರಿಗೆ! ಜಲ್ಮದಾಗ ಒಂದ ಹನಿ ಮುಟ್ಟಿದಾವ್ರಲ್ಲ!”

ಅವನು ತಪ್ಪಾಯಿತವ್ವಾ ಎಂದ. ಕಂಡಕ್ಟರು ಮೂರು ಟಿಕೀಟು ಕೊಟ್ಟ. ಅಷ್ಟರಲ್ಲಿ ಇಡೀ ಬಸ್ಸು ಅಪ್ಪನ ಕಡೆ ನೋಡಿಯಾಗಿತ್ತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದ. ಗದಗ ಬರುವವರೆಗೂ ತಿರುಗಲಿಲ್ಲ.

ಕೇಂದ್ರದಲ್ಲಿ ಮೂರು ಊರಿನವರು ಕಾಯುತ್ತಿದ್ದರು. ಮುಂಡರಗಿಯಿಂದ ಬಂದ ಒಬ್ಬರು ಬೆಂಚಿನ ಮೇಲೆ ಮಲಗಿಬಿಟ್ಟಿದ್ದರು. ನಮ್ಮ ಪಾಳಿ ಬಂದಾಗ ಮೇಡಮ್ಮಾರ ಕೈಯಲ್ಲಿ ಮತ್ತೆ ಚಿತ್ರಗಳಿದ್ದವು. ಅಲ್ಲಿ ಮಾರುಕಟ್ಟೆ ಇರಲಿಲ್ಲ, ಬದನೆಕಾಯಿ ಮಾರುವಾಕೆ ಇರಲಿಲ್ಲ, ಬಾಗಿಲಾಚೆ ಜನ ಕಾಯುತ್ತಿದ್ದರು. ಮೇಡಮ್ಮಾರು ರಾಗ ಎತ್ತಿಕೊಟ್ಟರು. ಅಪ್ಪ ಗೋಡೆ ನೋಡಿದ.

ಮುಂದಿನ ಶನಿವಾರ, ಹದಿಮೂರಕ್ಕೆ, ಅಪ್ಪ ಬಸ್ಸು ಹತ್ತಿದ್ದು ಅವ್ವನ ಕಣ್ಣೀರಿಗೆ. ಶಿರಹಟ್ಟಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಎದ್ದು, ಸೀಟುಗಳನ್ನು ಹಿಡಿಯುತ್ತ ಕಾಲೆಳೆದುಕೊಂಡು ಇಳಿದೇಬಿಟ್ಟ. ನಾವೂ ಇಳಿದೆವು. ಅಪ್ಪ ಕಲ್ಲುಬೆಂಚಿನ ಮೇಲೆ ಕುಳಿತು, ಎಡಗೈಯನ್ನು ಬೇಡವೆಂಬಂತೆ ಒಮ್ಮೆ ಆಡಿಸಿದ. ಆ ನಿರ್ಧಾರ ಯಾರದು, ಯಾವ ಗಳಿಗೆಯಲ್ಲಿ ಆಯಿತು ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಲಕ್ಷ್ಮೇಶ್ವರಕ್ಕೆ ಹೋಗುವ ಮುಂದಿನ ಬಸ್ಸಿಗೆ ಮರಳಿದೆವು.

ನಾನು ಮೇಡಮ್ಮಾರ ಹತ್ತಿರ ಹೋಗಿ, ತಿಂಗಳಿಗೊಮ್ಮೆಯಾದರೂ ಲಕ್ಷ್ಮೇಶ್ವರಕ್ಕೆ ಬರಲಾದೀತೇ ಎಂದು ಕೇಳಬೇಕೆಂದಿದ್ದೆ. ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು ಅವರೇ ನನ್ನ ಮೇಜಿಗೆ ಬಂದು ರಾಜೀನಾಮೆ ಇಟ್ಟರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು.

“ಯಾಕ್ರಿ ಮೇಡಮ್?”

“ನನ್ನ ಮ್ಯಾಲೆ ದೂರು ಬಂದಿತ್ತಲ್ರಿ. ಊರೂರಿಗೆ ಹೋಗ್ತೀನಿ ಅಂತ ಸ್ಕೂಟರ್ ಮ್ಯಾಲೆ ಅಡ್ಡಾಡ್ತಾಳ, ಕೆಲಸ ಮಾಡೂದಿಲ್ಲ ಅಂತ. ಅದಕ್ಕ ಕಣ್ಣಮುಂದ ತಂದು ಕುಂಡ್ರಿಸಿದ್ರಿ.”

“ಹಂಗಂತ ಯಾರು ಹೇಳಿದ್ರು?”

“ಯಾರೂ ಏನೂ ಹೇಳಲಿಲ್ಲ. ಅದಕ್ಕ ತಿಳೀತು. ದೂರು ಇರಲಿಲ್ಲಂದ್ರ ಒಂದ ಮಾತು ನನ್ನ ಕೇಳತಿದ್ರಿ.”

ಅಂಥ ದೂರು ಯಾವುದೂ ಬಂದಿರಲಿಲ್ಲ. ಬಂದಿದ್ದರೆ ನನ್ನ ಕೈ ದಾಟಿಯೇ ಹೋಗಬೇಕು. ಹಾಗೆಂದು ಆಣೆ ಮಾಡಿ ಹೇಳಿದೆ. ನನ್ನನ್ನು ಸಮಾಧಾನಪಡಿಸಲು ಬಂದವರಂತೆ ಅವರು ನನ್ನ ಕೈ ಹಿಡಿದು ನಕ್ಕರು, ನಂಬಲಿಲ್ಲ. ಹೋಗುವಾಗ ಅಪ್ಪನ ಜೊತೆ ದಿನಾ ರಾಗ ಎತ್ತಬೇಕೆಂದೂ ಮೂರನೆಯದಕ್ಕೆ ಒತ್ತಾಯಿಸಬಾರದೆಂದೂ ಹೇಳಿದರು.

ಅಕ್ಟೋಬರ್ ಎಂಟು, ಬುಧವಾರ. ಅವ್ವ ಕಲಿಸಿದ್ದನ್ನು ಮುರಿಯಲು ನಾನು ಅಧ್ಯಕ್ಷರ ಅಂಗಡಿಗೆ ಹೋದೆ. ಗಾದಿಯ ಮೇಲೆ ಒಬ್ಬರೇ ಇದ್ದರು. “ಬಾರವಾ, ಕುಂಡ್ರು,” ಎಂದು ಚಹಾ ತರಿಸಿದರು. ನಾನು ಚಹಾ ಮುಟ್ಟದೆ ಕೇಳಿದೆ.

“ಅಜ್ಜಾರ, ತಪ್ಪ ತಿಳಕೋಬ್ಯಾಡ್ರಿ. ಜುಲೈದಾಗ ಮಳಿ ಬಂದ ದಿನ, ಮೇಡಮ್ಮಾರು ನಾಕೂ ಊರು ಯಾಕ ಅಡ್ಡಾಡಬೇಕು ಅಂತ ಕೇಳಿದ್ರಿ. ಆ ಮಾತಿನ ಅರ್ಥ ಏನಿತ್ರಿ?”

ಅವರಿಗೆ ತಕ್ಷಣ ನೆನಪಾಗಲಿಲ್ಲ. ನಾನು ಸೀನುತ್ತ ಬಂದ ಮೇಡಮ್ಮಾರನ್ನು, ಛತ್ರಿಯನ್ನು, ಫೋನನ್ನು ನೆನಪಿಸಿದೆ.

“ಹಾಂ, ಆ ಹುಡಿಗಿ ತೋಯಿಸ್ಕೊಂಡು ತಪ್ಪಡಿ ಆಗಿ ಬಂದಿತ್ತು. ಸಂಸ್ಥೆದ ಗಾಡಿ ಸುಮ್ಮ ನಿಂತಿರತೈತಿ, ಸ್ಕೂಟರ್ ಮ್ಯಾಲೆ ಯಾಕ ಅಡ್ಡಾಡಬೇಕು, ಗಾಡಿ ಕೊಡ್ರಿ ಅಂತ ಹೇಳಾಕ ಹೊಂಟಿದ್ದೆ. ಅಷ್ಟರಾಗ ಫೋನ್ ಬಂತು.”

“ಮತ್ತ ಸಭಾದಾಗ ಸುಮ್ಮನ ಕುಂತ್ರಲ್ರಿ?”

“ಕಾಗದದ ಮ್ಯಾಲೆ ಬರದ ಬಂದಿತ್ತಲ್ಲವಾ. ನಮ್ಮ ಮಂದಿ ಎಲ್ಲಾ ಕೂಡಿ ವಿಚಾರ ಮಾಡಿ ತಂದಾರ ಅಂತ ತಿಳಕೊಂಡೆ. ನನ್ನ ಮನಸ್ಸಿಗೆ ಬರಲಿಲ್ಲ ಖರೆ. ಆದ್ರ ಅಧ್ಯಕ್ಷ ಎಲ್ಲಾದಕ್ಕೂ ಅಡ್ಡ ಬರ್ತಾನ ಅನಿಸ್ಕೋಬಾರದಲ್ಲ?”

ಯಾರಿಗೂ ಬೇಡವಾಗಿದ್ದದ್ದು ಎಲ್ಲರ ಒಪ್ಪಿಗೆಯಿಂದ ಆಗಿತ್ತು. ಮಾಸ್ತರರಿಗೆ ಬೇಡ, ಅಧ್ಯಕ್ಷರಿಗೆ ಬೇಡ. ಎರಡು ದಿನ ಮೊದಲು ವ್ಯವಸ್ಥಾಪಕರನ್ನು ಕೇಳಿದಾಗ ಅವರೂ ಹೇಳಿದ್ದರು, “ನನಗೂ ಏನ ಖುಷಿ ಇತ್ತೇನ?” ಎಂದು. ಉತ್ತರ ಸಿಕ್ಕಿದ್ದಕ್ಕೆ ನನ್ನ ಎದೆ ಹಗುರಾಗಬೇಕಿತ್ತು. ಮೊದಲಿನಂತೆ ಮಾಡಿ ಎಂದು ಕೇಳಿಕೊಂಡೆ.

ಅಧ್ಯಕ್ಷರು ನನ್ನ ಚಹಾ ಬಟ್ಟಲನ್ನು ಹತ್ತಿರ ಸರಿಸಿದರು. “ಯಾರನ್ನ ಕಳಸ್ಲಿ? ಆ ಹುಡಿಗಿ ಹೋದಳಲ್ಲ. ಆ ಕೆಲಸ ಬಲ್ಲಾವ್ರು ಈ ಕಡೆ ಸಿಗೂದಿಲ್ಲ. ಮತ್ತ ಈಗ ಸಭಾ ಕರದು, ನಾ ಅಂದಿದ್ದು ಅದಲ್ಲ ಅಂದ್ರ ವ್ಯವಸ್ಥಾಪಕ ನಾಕ ಮಂದ್ಯಾಗ ಸಣ್ಣಾಂವ ಆಕ್ಕಾನ. ಹದಿನೆಂಟು ವರ್ಷದಿಂದ ನನ್ನ ಮಾತ ಮೀರಿದಾಂವ ಅಲ್ಲ ಅಂವ.”

ಎದ್ದೆ. ಅವರು ಹಿಂದಿನಿಂದ ಕರೆದರು. “ನಿಮ್ಮಪ್ಪಾರಿಗೆ ಗಾಡಿ ಕಳಸ್ತೀನಿ ತಗೊ ತಂಗಿ. ಬಸ್ಸಿನ್ಯಾಗ ಕರಕೊಂಡು ಬರಬ್ಯಾಡ.”

ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯ. ನವೆಂಬರ್ ಇಪ್ಪತ್ತೆರಡರ ಶನಿವಾರ ಸಂಸ್ಥೆಯ ಗಾಡಿ ಲಕ್ಷ್ಮೇಶ್ವರದಲ್ಲಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಚಾಲಕ ಇಳಿದು ಅಪ್ಪನನ್ನು ತೋಳು ಹಿಡಿದು ಹತ್ತಿಸಿದ. ಗದಗಿನ ಕೇಂದ್ರದಲ್ಲಿ ಮಾತು ಕಲಿಸುವವರು ಇಲ್ಲವೆಂದು ಅವನಿಗೆ ಗೊತ್ತಿರಲಿಲ್ಲ.

“ಎಲ್ಲಿಗೆ ಹೋಗೂದೈತ್ರಿ ಯಕ್ಕಾರ?” ಎಂದು ಅವ್ವನನ್ನು ಕೇಳಿದ.

ಅವ್ವ ನನ್ನ ಮುಖ ನೋಡಿದಳು. ಕೇಳಬಾರದ ಪ್ರಶ್ನೆ ಎಂದು ಅವಳು ಯಾವಾಗಲೂ ಅನ್ನುತ್ತಿದ್ದಳು. ಆ ದಿನ ಅದಕ್ಕೆ ಉತ್ತರವೇ ಇರಲಿಲ್ಲ. ಬಂದ ಗಾಡಿಯನ್ನು ಖಾಲಿ ಕಳಿಸಿದರೆ ಅಧ್ಯಕ್ಷರಿಗೆ ಅವಮಾನ. ಮಾಗಡಿ ಕೆರೆಗೆ ಹೋಗೋಣ, ಹಕ್ಕಿ ಬಂದಿರುತ್ತವೆ ಎಂದೆ.

ಬಂದಿದ್ದವು. ದೂರದ ನೀರಿನ ತುಂಬ ಬಾತುಗಳು, ಸಂತೆಯ ಹಾಗೆ ಗಲಾಟೆ. ಅಪ್ಪನನ್ನು ದಂಡೆಯ ಮೇಲೆ ಕೂರಿಸಿದೆವು. ಮೇಡಮ್ಮಾರು ಹೇಳಿದ್ದಂತೆ ನಾನು ರಾಗ ಎತ್ತಿದೆ. ಅಪ್ಪ ನೀರಿನ ಕಡೆ ನೋಡುತ್ತಿದ್ದ. ಇನ್ನೊಮ್ಮೆ ಎತ್ತಿದೆ.

“ಒಂದ ಸಲ,” ಎಂದ, ಬಹಳ ಸಣ್ಣ ದನಿಯಲ್ಲಿ. ಸ್ವಲ್ಪ ಹೊತ್ತಿಗೆ “ಎರಡ ಸಲ”.

ತಡೆದ. ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ನಾವು ಬೇಡವೆನ್ನಲೂ ಇಲ್ಲ, ಏರಿಸಲೂ ಇಲ್ಲ. ಅಪ್ಪ ಬಾಯಿ ಮುಚ್ಚಿ ಮತ್ತೆ ನೀರಿನ ಕಡೆ ತಿರುಗಿದ. ಅಂದಿನಿಂದ ಈ ಎರಡು ಕೂಗುಗಳೂ ಬಂದಿಲ್ಲ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಲೆಕ್ಕದಲ್ಲಿ ಹನ್ನೊಂದು ಮಾತು ಉಳಿದಿವೆ. ‘ಅವ್ವಿ’ ಅದರಲ್ಲಿದೆ, ಆದರೆ ಕಳೆದ ವಾರ ಒಂದೇ ಸಲ ಬಂತು. ಸಂಸ್ಥೆಯಲ್ಲಿ ಎಲ್ಲ ಮೊದಲಿನಂತೆ ನಡೆದಿದೆ. ಎಲ್ಲರೂ ನನ್ನನ್ನು ಕಂಡರೆ ಅಪ್ಪನ ಆರೋಗ್ಯ ಕೇಳುತ್ತಾರೆ. ಖಾಲಿ ಇರುವ ಆ ಕೆಲಸಕ್ಕೆ ಯಾರೂ ಅರ್ಜಿ ಹಾಕಿಲ್ಲ.

ಇದನ್ನು ಓದಿದವರಲ್ಲಿ ಹೋದ ಮಾತನ್ನು ಮರಳಿ ಕಲಿಸಬಲ್ಲವರು ಯಾರಾದರೂ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಬಂದು ಹೋಗುವವರಿದ್ದರೆ, ಅಥವಾ ಅಂಥವರನ್ನು ಬಲ್ಲವರಿದ್ದರೆ, ದಯವಿಟ್ಟು ಒಂದು ಸಾಲು ಬರೆಯಿರಿ. ರಾಗ ಹಿಡಿದವರು ಮೂರನೆಯ ಮಾತಿಗೆ ಹೇಗೆ ದಾಟಿದರು ಎಂದು ನಿಮ್ಮ ಮನೆಯಲ್ಲಿ ಕಂಡಿದ್ದರೆ ಅದನ್ನೂ ಬರೆಯಿರಿ. ಮತ್ತು ನಿಮ್ಮ ಕಚೇರಿಯಲ್ಲಿ, ಯಾರಿಗೂ ಬೇಡದೆ ಎಲ್ಲರೂ ಒಪ್ಪಿದ ಒಂದು ನಿರ್ಧಾರವನ್ನು ಯಾರಾದರೂ ಯಾರನ್ನೂ ಸಣ್ಣವರನ್ನಾಗಿ ಮಾಡದೆ ಹಿಂದಕ್ಕೆ ತಂದದ್ದನ್ನು ಕಣ್ಣಾರೆ ನೋಡಿದ್ದರೆ, ಅದು ಹೇಗಾಯಿತೆಂದು ತಿಳಿಸಿ. ನಾನು ಹುಡುಕುತ್ತಿದ್ದೇನೆ. ನನಗೆ ಇನ್ನೂ ಒಂದೂ ಸಿಕ್ಕಿಲ್ಲ.